ಕಡಲಾಚೆಯಿಂದ ಬಂದ ತೋಳು

ವಾಚಕ ಮಹಾಶಯರಲ್ಲಿ ಮೊದಲಿಗೇ ಒಂದು ವಿಜ್ಞಾಪನೆ. ಭಯವೆಂಬುದು ಕತ್ತಲಿನ ಕೂಸೆಂದೂ, ಪಾಳುಮನೆಯಲ್ಲಲ್ಲದೆ ಬೇರೆಲ್ಲೂ ಅದಕ್ಕೆ ವಾಸವಿಲ್ಲವೆಂದೂ ತಿಳಿದವರು ಆ ನಂಬಿಕೆಯನ್ನು ಕೊಂಚ ಹೊತ್ತು ಪಕ್ಕಕ್ಕಿಡುವ ಕೃಪೆ ಮಾಡಬೇಕು. ಇಲ್ಲಿ ಹೇಳಹೊರಟ ಭಯವು ಬೆಳಗಿನ ಹನ್ನೊಂದು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ಚಹಾದ ಲೋಟ ಕೈಯಲ್ಲಿರುವಾಗಲೇ ಬಂದು ಒಬ್ಬನ ಎದೆಯ ಮೇಲೆ ಕೂತಿತು.

ಅವನನ್ನು ಪೇಟೆಯವರೆಲ್ಲ ಹುಡುಕಪ್ಪ ಎನ್ನುತ್ತಿದ್ದರು. ಇಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು. ತಯಾರಿಸಿದ ಕಂಪನಿಗಳೇ ಕೈಬಿಟ್ಟ ಹಳೆಯ ಗಾಡಿಗಳಿಗೆ, ಅದರಲ್ಲೂ ಬಲಗಡೆ ಸ್ಟೀರಿಂಗ್ ಇರುವ ಗಾಡಿಗಳಿಗೆ, ಹೊರದೇಶಗಳಿಂದ ಬಿಡಿಭಾಗ ಹುಡುಕಿ ತರಿಸುವುದು ಅವನ ಕಸುಬು. ಮಹಡಿಯ ಮೇಲೊಂದು ಕೋಣೆ, ಒಂದು ಮೇಜು, ಎರಡು ಫೋನು, ಗ್ರೀಸು ಮೆತ್ತಿದ ಪೊಟ್ಟಣಗಳಿಂದ ಬಗ್ಗಿಹೋದ ಹಲಗೆಗಳು. ಇಷ್ಟರಿಂದಲೇ ಅವನು ದ್ವೀಪ ದ್ವೀಪಗಳ ಗುಜರಿಗಳನ್ನು ಜಾಲಾಡುತ್ತಿದ್ದ.

ಈ ಕಸುಬಿನಲ್ಲಿ ಒಂದು ತೊಡಕಿದೆ. ಒಂದೇ ಗಾಡಿ ಎರಡು ಬಗೆಯಾಗಿ ಹುಟ್ಟುತ್ತದೆ: ಬಲಕ್ಕೆ ಕೂತು ಓಡಿಸುವ ದೇಶಗಳಿಗೊಂದು, ಎಡಕ್ಕೆ ಕೂತು ಓಡಿಸುವ ದೇಶಗಳಿಗೊಂದು. ಬಾಗಿಲು, ಗಾಲಿ, ಇಂಜಿನ್ನು ಎರಡಕ್ಕೂ ಒಂದೇ. ಸ್ಟೀರಿಂಗಿನ ಭಾಗಗಳು ಮಾತ್ರ ಎರಡು ಕಾಲಿನ ಚಪ್ಪಲಿಗಳ ಹಾಗೆ. ನೋಡಲು ಜೋಡಿ, ಅದಲು ಬದಲು ಮಾಡಿದರೆ ಮುಗ್ಗರಿಸುವುದು ಖಂಡಿತ.

ಅವನ ಅಕ್ಕ ಅಂಥದೊಂದು ಬಲಗಡೆ ಸ್ಟೀರಿಂಗಿನ ಹಳೆಯ ವ್ಯಾನು ಓಡಿಸುತ್ತಿದ್ದಳು. ಕೈಕಾಲು ಸ್ವಾಧೀನವಿಲ್ಲದ ಆರು ಮಂದಿಯನ್ನು ಬೆಳಿಗ್ಗೆ ಗುಡ್ಡದ ಮೇಲಿನ ಚಿಕಿತ್ಸಾಲಯಕ್ಕೆ ಒಯ್ದು, ಒಂದು ಗಂಟೆಗೆ ಅಲ್ಲಿಂದ ಹೊರಟು ಮರಳಿ ಇಳಿಸುವುದು ಅವಳ ಕೆಲಸ. ಆ ವ್ಯಾನಿನ ಸ್ಟೀರಿಂಗ್ ತೋಳು, ಎಂದರೆ ಚಕ್ರದ ತಿರುವನ್ನು ಗಾಲಿಗೆ ಮುಟ್ಟಿಸುವ, ಮೊಣಕೈಯಂತೆ ಬಾಗಿದ ಕಬ್ಬಿಣ, ಹೋದ ವರ್ಷ ಬಂಡೆಗೆ ಬಡಿದು ಸೊಟ್ಟಗಾಗಿ, ಕಮ್ಮಾರನ ಕೈಯಲ್ಲಿ ನೆಟ್ಟಗಾಗಿ, ಈಗ ಬಿರುಕು ಬಿಟ್ಟಿತ್ತು. ಮೂರು ತಿಂಗಳು ಹುಡುಕಿದ ಮೇಲೆ ಎಲ್ಲೋ ಒಂದು ದ್ವೀಪದ ಗುಜರಿಯಲ್ಲಿ ಬದಲಿ ಸಿಕ್ಕಿತು. ಗುಜರಿಯವನು ಕಳಿಸಿದ ಫೋಟೊವನ್ನು ಹುಡುಕಪ್ಪ ಕಂಪನಿಯ ಚಿತ್ರಪುಸ್ತಕದೊಂದಿಗೆ ಹೋಲಿಸಿ, ತಾಳೆಯಾಯಿತೆಂದು ತರಿಸಿದ. ಬಂದ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಭಾವನಿಗೆ ಕೊಟ್ಟ. ಅಕ್ಕನ ಗಂಡನೇ ಮೆಕ್ಯಾನಿಕ್ಕು; ನಿನ್ನೆ ಸಂಜೆ ಅದನ್ನು ಕೂರಿಸಿದ್ದ. ಇಂದು ಬೆಳಿಗ್ಗೆ ಆರಕ್ಕೆ ಅಕ್ಕ ಗುಡ್ಡಕ್ಕೆ ಹೊರಟಿದ್ದಳು.

ಹನ್ನೊಂದಕ್ಕೆ ಹುಡುಕಪ್ಪ ಇನ್ನೊಬ್ಬ ಗಿರಾಕಿಯ ಮುಂದೆ ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲು ಆ ಫೋಟೊ ತೆರೆದ. ಗುಜರಿಯವನು ತೋಳನ್ನು ಎದೆಗೊತ್ತಿ ಹಿಡಿದು ನಗುತ್ತಿದ್ದ. ಅವನ ಹಿಂದಿನ ಗೋಡೆಯಲ್ಲೊಂದು ಗಡಿಯಾರ. ಹುಡುಕಪ್ಪ ಚಿತ್ರವನ್ನು ಹಿಗ್ಗಿಸಿದ. ಗಡಿಯಾರದಲ್ಲಿ ಹನ್ನೆರಡರ ಬಲಕ್ಕೆ ಹನ್ನೊಂದಿತ್ತು, ಎಡಕ್ಕೆ ಒಂದಿತ್ತು.

ಗುಜರಿಯವನು ತನ್ನ ಫೋಟೊ ತಾನೇ ತೆಗೆದುಕೊಂಡಿದ್ದ. ಫೋನು ಕನ್ನಡಿಯಂತೆ ಎಡವನ್ನು ಬಲ ಮಾಡಿತ್ತು. ಹಾಗಾದರೆ ಬಂದ ತೋಳು ಎಡಗಡೆ ಸ್ಟೀರಿಂಗಿನದು...

ಚಹಾ ಮೇಜಿನ ಮೇಲೆ ಚೆಲ್ಲಿತು. ಹುಡುಕಪ್ಪ ಎರಡೆರಡು ಮೆಟ್ಟಿಲು ಹಾರಿ ಭಾವನ ಶೆಡ್ಡಿಗೆ ಓಡಿದ.

"ಏನಯ್ಯಾ ಭಾಮೈದ, ನಾಯಿ ಅಟ್ಟಿಸ್ಕೊಂಡು ಬಂತಾ?"

"ಭಾವ, ನಿನ್ನೆ ಹಾಕಿದ ತೋಳು ಹಳೇದರ ಥರಾನೇ ಬಾಗಿತ್ತಾ?"

"ಇಲ್ಲಪ್ಪ, ಉಲ್ಟಾ ಇತ್ತು. ಹಳೇದನ್ನ ಆ ಕಮ್ಮಾರ ಬಡಿದೂ ಬಡಿದೂ ರೂಪ ಕೆಡಿಸಿದ್ನಲ್ಲ, ಅವನೇ ಉಲ್ಟಾ ಬಾಗಿಸಿರ್ಬೇಕು ಅಂದ್ಕೊಂಡೆ. ಹಲ್ಲಿಗೆ ಹಲ್ಲು ಕೂತ್ಕೊಳ್ತು, ನಟ್ಟೂ ಬಿಗೀತು. ಯಾಕೆ?"

ಹುಡುಕಪ್ಪ ಫೋನು ಚಾಚಿದ. ಭಾವ ಗಡಿಯಾರ ನೋಡಿದ. ನಗು ಮಾಯವಾಯಿತು.

"ಪೂರ್ತಿ ಬಲಕ್ಕೆ ತಿರುಗಿಸಿದ್ರೆ ಅದರ ತುದಿ ಬ್ರೇಕಿನ ಪೈಪಿಗೆ ಉಜ್ಜುತ್ತೆ," ಎಂದ ಮೆಲ್ಲಗೆ.

"ತಿರುಗಿಸಿ ನೋಡ್ಲಿಲ್ವಾ?"

"ನಿಮ್ಮಕ್ಕ ಬಿಟ್ಟಿದ್ರೆ ತಾನೆ! ಬೇಗ ಬೇಗ ಅಂತ ತಲೆ ಮೇಲೆ ಕೂತಿದ್ಲು. ನೇರ ಬೀದೀಲಿ ಒಂದು ಸುತ್ತು ಹೊಡೆದು ಕೊಟ್ಬಿಟ್ಟೆ."

ಅಕ್ಕನ ಫೋನು ಬಂದ್ ಆಗಿತ್ತು. ಬೆಳಿಗ್ಗೆ ಸ್ಟೀರಿಂಗ್ ಮುಂದೆ ಕೂರುವಾಗ ಆರಿಸಿದರೆ ಮನೆಗೆ ಮರಳುವವರೆಗೆ ಅವಳು ಫೋನು ಮುಟ್ಟುವವಳಲ್ಲ. ಚಿಕಿತ್ಸಾಲಯದ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಇಬ್ಬರೂ ಭಾವನ ಬೈಕು ಹತ್ತಿದರು.

ಗುಡ್ಡದ ದಾರಿಗೆ ಹನ್ನೊಂದು ತಿರುವು. ಐದನೆಯದರಲ್ಲಿ ಭಾವ ಬೈಕು ನಿಲ್ಲಿಸಿದ. ಡಾಂಬರಿನ ಮೇಲೆ ನಾಲ್ಕೈದು ಕಪ್ಪು ಹನಿಗಳಿದ್ದವು.

"ನೀರಿರ್ಬೇಕು," ಎಂದ ಹುಡುಕಪ್ಪ.

ಭಾವ ಹನಿಯನ್ನು ಬೆರಳಲ್ಲಿ ಉಜ್ಜಿದ, ಮೂಸಿದ. ಬ್ರೇಕಿನೆಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಬೈಕು ಹತ್ತಿದ. ಏಳನೆಯ ತಿರುವಿನಲ್ಲಿ ಹನಿಗಳು ಒಂದಕ್ಕೊಂದು ಕೂಡಿದ್ದವು. ಒಂಬತ್ತರಲ್ಲಿ ಅಂಗೈಯಗಲದ ಕಲೆ. ಹತ್ತುವ ಗಾಡಿಗೆ ಬ್ರೇಕು ಅಷ್ಟಾಗಿ ಬೇಡ. ಇಳಿಯುವ ಗಾಡಿಗೆ ಅದೇ ಪ್ರಾಣ. ಮೇಲಿನಿಂದ ಬಿಳಿಯ ವ್ಯಾನೊಂದು ಹಾರನ್ನು ಒತ್ತುತ್ತ ನುಗ್ಗಿ ಬಂದಾಗ ಹುಡುಕಪ್ಪನ ಜೀವ ಬಾಯಿಗೆ ಬಂತು. ಭಾವನ ಬೆನ್ನಿಗೆ ಮುಖ ಒತ್ತಿ ಕಣ್ಣು ಮುಚ್ಚಿದ.

"ತರಕಾರಿ ವ್ಯಾನು," ಎಂದ ಭಾವ. "ಕಣ್ಣು ಬಿಡು. ನನ್ನ ಪಕ್ಕೆಲುಬೂ ಬಿಡು."

ಮೇಲೆ ತಲುಪಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಆರೂ ಮಂದಿ ಒಳಗೆ ಕೂತಾಗಿತ್ತು. ಇಂಜಿನ್ನು ಗುರುಗುಡುತ್ತಿತ್ತು. ವ್ಯಾನಿನ ಮೂಗಿನ ಮುಂದೆ ಒಂದು ತಂತಿಬೇಲಿ. ಅದರಾಚೆ ಬರೀ ಗಾಳಿ.

"ಗಂಡ, ತಮ್ಮ, ಇಬ್ರೂ ದಿಬ್ಬಣ ಬಂದಿದೀರಾ? ಮನೆಗೆ ಬೆಂಕಿ ಬಿತ್ತಾ?" ಎಂದಳು ಅಕ್ಕ.

"ಅಕ್ಕಾ, ಇಂಜಿನ್ ಆರಿಸು. ಬ್ರೇಕು..."

"ಬ್ರೇಕು ಚೆನ್ನಾಗೇ ಇದೆ ಕಣೋ. ಸ್ವಲ್ಪ ಮೆತ್ತಗಾಗಿದೆ, ಅಷ್ಟೆ."

ಭಾವ ಆಗಲೇ ಗಾಲಿಗಳಿಗೆ ಕಲ್ಲು ಕೊಡುತ್ತಿದ್ದ. ಹುಡುಕಪ್ಪ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದ. ಊರುಗೋಲಿನ ಅಜ್ಜಿ ಗದರಿದಳು: "ಕಾಲು ಸರಿಯಿಲ್ಲ ಅಂತಾನೇ ಇಲ್ಲಿಗೆ ಬರೋದು. ಹತ್ತಿಸಿ ಇಳಿಸಿ ಆಟ ಆಡ್ತೀಯಾ?"

"ಪೂರ್ತಿ ಬಲಕ್ಕೆ ತಿರುಗಿಸು," ಎಂದ ಭಾವ ಹೆಂಡತಿಗೆ. "ಈಗ ಬ್ರೇಕು ಒತ್ತು."

ಅವಳು ಒತ್ತಿದಳು. ಏನೂ ಆಗಲಿಲ್ಲ. "ನೋಡಿದ್ರಾ?" ಎಂದು ಇನ್ನೊಮ್ಮೆ ಒತ್ತಿದಳು. ಗಾಲಿಯ ಹಿಂದೆ ಟಪ್ಪೆಂದಿತು. ಎಣ್ಣೆ ಚಿಮ್ಮಿ ಹುಡುಕಪ್ಪನ ಪಾದದ ಮೇಲೆ ಬೆಚ್ಚಗೆ ಹರಿಯಿತು. ಅಕ್ಕನ ಕಾಲು ಪೆಡಲ್ಲಿನೊಂದಿಗೆ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು.

ಭಾವ ಉಲ್ಟಾ ತೋಳಿನ ಕಥೆಯನ್ನು ಎರಡೇ ಮಾತಲ್ಲಿ ಹೇಳಿದ. ಅಜ್ಜಿ ಬೇಲಿಯಾಚೆ ಇಣುಕಿ, ಸದ್ದಿಲ್ಲದೆ ನಾಲ್ಕು ಹೆಜ್ಜೆ ಹಿಂದೆ ಬಂದಳು.

ಅಕ್ಕ ಇಳಿಯಲು ಬಹಳ ಹೊತ್ತು ಹಿಡಿಯಿತು. ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡಳು.

"ಆ ತೋಳನ್ನ ನೀನು ಕೈಯಲ್ಲಿ ಹಿಡಿದು ನೋಡಿದ್ಯಾ?"

"ಇಲ್ಲ ಅಕ್ಕ. ಇನ್ನೊಂದು ತರಿಸ್ತೀನಿ, ಈ ಸಲ ನಾಲ್ಕು ಫೋಟೊ ಕೇಳಿ..."

"ಫೋಟೊ ನಂಬಿ ನಾನಿನ್ನು ಸ್ಟೀರಿಂಗ್ ಹಿಡಿಯಲ್ಲ. ಹೋಗು. ಆ ದ್ವೀಪದ ಗುಜರಿಗೇ ಹೋಗಿ, ಮುಟ್ಟಿ ನೋಡಿ, ನಿನ್ನ ಕೈಯಾರೆ ತಗೊಂಡು ಬಾ. ಇಲ್ಲಾಂದ್ರೆ ಈ ವ್ಯಾನು ಇಲ್ಲೇ ತುಕ್ಕು ಹಿಡೀಲಿ. ಇವರು ಆರು ಜನ ಮನೇಲೇ ಬಿದ್ದಿರ್ಲಿ."

ಆರು ಜೊತೆ ಕಣ್ಣು ಅವನ ಮೇಲಿತ್ತು. ಅವನು ತಲೆಯಾಡಿಸಿದ. ಅಂದು ಅವರನ್ನು ತರಕಾರಿ ವ್ಯಾನು ಎರಡು ಸಲ ಬಂದು ಇಳಿಸಿತು.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಹುಡುಕಪ್ಪ ಎರಡು ಅಂಗಿ, ಬಿರುಕು ಬಿಟ್ಟ ಹಳೆಯ ತೋಳು, ಬಾಗು ಯಾವ ಕಡೆಗಿರಬೇಕೆಂದು ಭಾವ ರಟ್ಟಿನಲ್ಲಿ ಕತ್ತರಿಸಿಕೊಟ್ಟ ಅಚ್ಚು, ಇಷ್ಟನ್ನು ಚೀಲಕ್ಕೆ ತುಂಬಿದ. ಹಡಗು ಹತ್ತಿದವನಲ್ಲ, ಟಿಕೆಟ್ಟಿನ ಮೇಲಿನ ದಿನಾಂಕವನ್ನು ಬೆಳಗಿನಿಂದ ಹತ್ತು ಸಲ ಓದಿದ್ದ.

"ಆ ಕಬ್ಬಿಣ ಹೊತ್ಕೊಂಡು ನೀರಿಗೆ ಬಿದ್ರೆ ತೇಲೋ ಮಾತೇ ಇಲ್ಲ," ಎಂದ ಬಾಗಿಲಲ್ಲಿ ನಿಂತ ಭಾವ.

ಹುಡುಕಪ್ಪನಿಗೆ ನಗು ಬರಲಿಲ್ಲ. ಎರಡು ಫೋನುಗಳಲ್ಲಿ ಒಂದನ್ನು ಭಾವನ ಕೈಗಿತ್ತು, ಕೋಣೆಗೆ ಬೀಗ ಹಾಕಿ, ಚೀಲವನ್ನು ಹೆಗಲಿಗೇರಿಸಿದ. ಕಬ್ಬಿಣ ಬೆನ್ನಿಗೆ ಒತ್ತುತ್ತಿತ್ತು. ಅದನ್ನು ಸರಿಪಡಿಸಿಕೊಳ್ಳಲು ನಿಲ್ಲದೆ, ಮೆಟ್ಟಿಲಿಳಿದು, ಬಂದರಿಗೆ ಹೋಗುವ ಬಸ್ಸಿನ ಕಡೆಗೆ ನಡೆದ.