ಬ್ಯಾಟರಿ ಗಾಡಿಯ ಭಾರ

“ಭಾರ ಎಷ್ಟು ಬೀಳತೈತ್ರಿ, ಅಜ್ಜಾರ? ಅದನ್ನ ಹೇಳ್ರಿ ಮೊದಲ,” ಎಂದು ಅಂಗಡಿಯ ಸಂಜೀವಕುಮಾರ ಎರಡನೆಯ ಸಲ ಕೇಳಿದ.

ಬಸಲಿಂಗಯ್ಯನವರು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರೂ ಕೂತಂತಿರಲಿಲ್ಲ. ಕಾಲು ಚಾಚುವರು, ಮೊಣಕಾಲು ನೀವಿಕೊಳ್ಳುವರು, ಮತ್ತೆ ಮಡಚುವರು. ಕಣ್ಣು ಪದೇ ಪದೇ ಮಗಳು ನಿರ್ಮಲಾಳ ಕೈಯಲ್ಲಿದ್ದ ಮೊಬೈಲಿನ ಕಡೆಗೇ ಹೋಗುತ್ತಿತ್ತು. ಹೊನ್ನಿಕೊಪ್ಪದ ಮುದಕವ್ವ ನಾಲ್ಕು ದಿನದಿಂದ ಹಾಸಿಗೆ ಹಿಡಿದಿದ್ದಳು. ಇವತ್ತೋ ನಾಳೆಯೋ ಎನ್ನುವ ಮಾತು ನಿನ್ನೆ ಸಂಜೆಯೇ ಹಳಿಯಾಳ ಮುಟ್ಟಿತ್ತು.

ಅಂಗಡಿಯಲ್ಲಿ ಬ್ಯಾಟರಿ ಗಾಡಿಗಳು ಎರಡಿದ್ದವು. ಒಂದು ನೀಲಿ, ಸಣ್ಣದು, ಸೈಕಲ್ಲಿನ ಹಾಗೆ ಪೆಡಲ್ ಇದ್ದದ್ದು. ಇನ್ನೊಂದು ಕಪ್ಪು, ಸ್ಕೂಟರಿನಷ್ಟೇ ದಪ್ಪ.

“ಸಣ್ಣದಕ್ಕ ಲೈಸೆನ್ಸ್ ಬ್ಯಾಡ, ನಂಬರ ಬ್ಯಾಡ್ರಿ. ಇವತ್ತ ಒಯ್ದು ಇವತ್ತ ಓಡಸಬಹುದು. ಆದ್ರ ಒಬ್ಬರಿಗೆ, ಸಪಾಟ ರಸ್ತಾಕ್ಕ, ಪೂರಾ ಚಾರ್ಜಿಗೆ ನಲವತ್ತು ಕಿಲೋಮೀಟರ. ದೊಡ್ಡದು ಏರು ಹತ್ತತೈತಿ, ಹಿಂದ ಒಂದು ಕ್ವಿಂಟಲ್ ಹಾಕಿದ್ರೂ ಹೂಂ ಅನ್ನತೈತಿ. ಲೈಸೆನ್ಸ್ ಮಾಡಸಬೇಕು, ಎರಡ ತಿಂಗಳು ಹಿಡೀತೈತಿ. ನಿಮ್ಮ ಓಡಾಟ ಹೆಂಗೈತಿ ಅನ್ನೂದರ ಮ್ಯಾಲ ಗಾಡಿ ಆರಿಸಬೇಕ್ರಿ.”

ಎರಡು ತಿಂಗಳು! ಮುದಕವ್ವನ ಬಳಿ ಎರಡು ದಿನವೂ ಇರಲಿಲ್ಲ.

“ನಾ ಒಬ್ಬನ,” ಎಂದರು ಬಸಲಿಂಗಯ್ಯನವರು. “ಐವತ್ತೆಂಟು ಕೆಜಿ. ಒಂದು ಜೋಳಿಗಿ, ವಿಭೂತಿ, ಪುರಾಣದ ಪುಸ್ತಕ. ಅಷ್ಟ.”

“ಸುಗ್ಗ್ಯಾಗ ಚೀಲ ಬರತಾವಲ್ಲಪ್ಪಾ, ಅವನ್ನ ಹೇಳು,” ಎಂದಳು ನಿರ್ಮಲಾ.

“ಅದು ಭಾರ ಅಲ್ಲವ್ವಾ.”

ಇದು ಅವರ ತಂದೆ ಹೇಳಿಕೊಟ್ಟ ಮಾತು. ಭಕ್ತರು ಜೋಳಿಗೆಗೆ ನೀಡಿದ್ದನ್ನು ತೂಗಬಾರದು. ತೂಗಿದರೆ ಅದು ಬರೀ ಧಾನ್ಯ, ತೂಗದಿದ್ದರೆ ಪ್ರಸಾದ. ಏಳು ಊರಿನ ಮನೆಗಳಿಗೆ ಪೂಜೆ-ಪುರಾಣದ ಅಯ್ಯನಾಗಿ ನಲವತ್ತು ವರ್ಷ ತಿರುಗಿದರೂ ತಮಗೆ ಬರುವ ಭತ್ತ ಎಷ್ಟೆಂದು ಅವರು ಒಮ್ಮೆಯೂ ಅಂದಾಜು ಹಾಕಿದವರಲ್ಲ. ಅದೇ ಭತ್ತ ವರ್ಷವಿಡೀ ಇಬ್ಬರ ಹೊಟ್ಟೆ ಹೊರೆಯುತ್ತಿತ್ತು ಅನ್ನುವುದು ಬೇರೆ ಮಾತು.

“ಆತು ಬಿಡು,” ಎಂದಳು ನಿರ್ಮಲಾ. “ಆ ಬ್ಯಾಟರಿಗೆ ಪ್ರಸಾದ ಯಾವುದು, ಭತ್ತ ಯಾವುದು ಗೊತ್ತಾಗಬೇಕಲ್ಲ ಪಾಪ.”

ಸಂಜೀವಕುಮಾರ ನಗು ತಡೆದುಕೊಂಡು ಸಣ್ಣ ಗಾಡಿಯ ಧೂಳು ಒರೆಸತೊಡಗಿದ.

ಈ ವಯಸ್ಸಿನಲ್ಲಿ ಗಾಡಿಯ ಹಂಬಲ ಹುಟ್ಟಲು ಕಾರಣವಿತ್ತು. ಕಾರ್ತಿಕದಲ್ಲಿ ಮುದಕವ್ವನ ಗಂಡ ತೀರಿಕೊಂಡಾಗ ಬಸಲಿಂಗಯ್ಯನವರು ಬಸ್ಸಿಗೆ ಕಾದು, ಬಸ್ಸಿಳಿದು, ನೋಯುವ ಮೊಣಕಾಲಿನಲ್ಲಿ ಹೊನ್ನಿಕೊಪ್ಪದ ಏರು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ದಾಯಾದಿಯ ಮಗ, ಊರವರು ಸಣ್ಣಯ್ಯ ಎನ್ನುವ ಹುಡುಗ, ಮೋಟರ್ ಸೈಕಲ್ಲಿನಲ್ಲಿ ಬಂದು ವಿಭೂತಿ ಹಚ್ಚಿ, ಮಂತ್ರ ಹೇಳಿ, ಕೈಕಾಲು ತೊಳೆದುಕೊಂಡು ಕೂತಿದ್ದ. ಮುದಕವ್ವ ಬಾಗಿಲ ತನಕ ಬಂದು ಅಂದಿದ್ದಳು: “ನನ್ನ ಪಾಳಿ ಬಂದಾಗ ಹಿಂಗ ಮಾಡಬ್ಯಾಡ್ರಿ ಅಜ್ಜಾರ. ನಲವತ್ತ ಶ್ರಾವಣ ನಿಮ್ಮ ಬಾಯಿಲೆ ಪುರಾಣ ಕೇಳೇನಿ. ನಿಮ್ಮ ದನಿ ಕಿವಿಗೆ ಬೀಳಕೋತ ಹೋಗಬೇಕು ನಾ.” ಅವರು ಹೂಂ ಎಂದಿದ್ದರು.

ಮೊಬೈಲು ಹೊಡೆದುಕೊಂಡಿತು. ಮುದಕವ್ವನ ಮಗ ದುರ್ಗಪ್ಪ.

“ಅಕ್ಕಾರ, ಅವ್ವಗ ಉಸರು ಹತ್ತವಲ್ದು. ಅಜ್ಜಾರನ್ನ ಕೇಳಾಕತ್ಯಾಳ. ಬಸ್ಸು ಎರಡಕ್ಕ ಐತಿ. ಸಣ್ಣಯ್ಯಾರಿಗೆ ಹೇಳಿಬಿಡ್ಲೇನು? ಅವರಾದ್ರ ಅರ್ಧಾ ತಾಸಿನ್ಯಾಗ ಬರತಾರ…”

“ಬ್ಯಾಡ ಅನ್ನು!” ಬಸಲಿಂಗಯ್ಯನವರು ಎದ್ದೇಬಿಟ್ಟಿದ್ದರು. “ನಾ ಹೊಂಟೇನಿ ಅಂತ ಹೇಳು.”

ಸಂಜೀವಕುಮಾರ ಒಳ್ಳೆಯವನು. ಹಣದ ಮಾತೆತ್ತದೆ ಕೀಲಿ, ಚಾರ್ಜರು ಎರಡನ್ನೂ ಕೈಗಿಟ್ಟ. “ಇವತ್ತ ಒಯ್ದು ನಿಮ್ಮ ದಾರಿಮ್ಯಾಲ ಓಡಿಸಿ ನೋಡ್ರಿ, ನಾಳೆ ಹೇಳ್ರಿ ಇದೋ ಅದೋ ಅಂತ. ಕರೆಂಟ್ ಕಾಟ, ಪೂರಾ ಚಾರ್ಜ್ ಆಗಿಲ್ಲ, ಅರ್ಧಾಕ್ಕಿಂತ ತುಸು ಮ್ಯಾಲ ಐತಿ. ಹದಿನಾಲ್ಕು ಕಿಲೋಮೀಟರ ಆರಾಮ ಮುಟ್ಟತೀರಿ. ನೀವೊಬ್ಬರ ಇದ್ರ, ಮತ್ತ.”

“ನಾ ಎರಡರ ಬಸ್ಸಿಗೆ ಬರತೇನಿ,” ಎಂದಳು ನಿರ್ಮಲಾ. ತಂದೆಯ ಧೋತರದ ಅಂಚು ಚಕ್ರಕ್ಕೆ ಸಿಗದಂತೆ ಎತ್ತಿ ಸಿಕ್ಕಿಸಿದಳು. “ದಾರ್ಯಾಗ ಎಲ್ಲೂ ಇಳೀಬ್ಯಾಡ.”

ಮೂವತ್ತು ವರ್ಷ ಸೈಕಲ್ ತುಳಿದ ಮೈ. ಗಾಡಿ ಎರಡು ಓಣಿ ದಾಟುವಷ್ಟರಲ್ಲಿ ಮಾತು ಕೇಳಿತು. ಸದ್ದೇ ಇಲ್ಲ. ಗಾಳಿ ಕಿವಿಯ ಪಕ್ಕದಲ್ಲಿ ಹರಿಯುವುದು, ಜೋಳಿಗೆಯೊಳಗೆ ವಿಭೂತಿಯ ಡಬ್ಬಿ ಅಲುಗುವುದು, ಅಷ್ಟೇ. ಹ್ಯಾಂಡಲಿನ ಮೇಲೆ ಹಸಿರು, ಹಳದಿ, ಕೆಂಪು ಮೂರೂ ದೀಪ ಉರಿಯುತ್ತಿದ್ದವು. ಎಷ್ಟು ತಿರುವಿದರೂ ಒಂದೇ ವೇಗ. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಇಳಿಜಾರಿನಲ್ಲಿ ದಾಟಿಯೂ ಹೋದ. ಅಯ್ಯನವರು ತುಟಿಯಲ್ಲೇ ಪುರಾಣದ ಪದ್ಯ ಹಿಡಿದರು. ಸೈಕಲ್ ತುಳಿಯುವಾಗ ಪ್ರತಿ ತುಳಿತಕ್ಕೆ ಒಂದು ಗಣ ಬೀಳುತ್ತಿತ್ತು. ಇಲ್ಲಿ ತಾಳಕ್ಕೆ ಏನೂ ಇರಲಿಲ್ಲ. ಪದ್ಯ ಅರ್ಧಕ್ಕೇ ಮುರಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಅವರು ಮರೆತದ್ದು ಒಂದೇ. ಅದು ರಾಶಿಯ ವಾರ. ದಾರಿಯ ಎರಡೂ ಬದಿ ಕಣಗಳು, ಕಣದ ತುಂಬ ಭತ್ತ.

ಮೋಟರ್ ಸೈಕಲ್ಲಾಗಿದ್ದರೆ ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ದಾಟಿಬಿಡುತ್ತಿತ್ತೋ ಏನೋ. ಚನಬಸಪ್ಪನ ಕಣ ರಸ್ತೆಗೆ ಆತುಕೊಂಡೇ ಇತ್ತು. ಅವನು ದೂರದಿಂದಲೇ ಕಾವಿ ರುಮಾಲು ಕಂಡು ರಸ್ತೆಯ ನಡುವೆ ಬಂದು ಕೈಮುಗಿದು ನಿಂತ.

“ಶರಣರ್ರೀ ಅಜ್ಜಾರ! ಏನ್ರಿ ಇದು, ಬೆಕ್ಕಿನ ಗತೆ ಬಂತಲ್ಲ ಗಾಡಿ! ಇಳೀರಿ, ಇಳೀರಿ, ಈಗ ರಾಶಿ ಪೂಜಿ ಆತು.”

“ಚನಬಸಪ್ಪಾ, ಹೊನ್ನಿಕೊಪ್ಪಕ್ಕ ಹೊಂಟೇನಿ. ಮುದಕವ್ವಗ ಭಾಳ ಆಗೇತಿ.”

“ಹೋಗ್ರಿ, ಯಾರು ಬ್ಯಾಡಂದ್ರು? ರಾಶಿ ಮುಂದ ಹಾಯ್ದ ಅಯ್ಯಾರು ಖಾಲಿ ಹೋದ್ರ ಮುಂದಿನ ವರ್ಷ ಕಣ ಖಾಲಿ. ನನ್ನ ಮಕ್ಕಳ ಬಾಯಾಗ ಮಣ್ಣ ಹಾಕಬ್ಯಾಡ್ರಿ.”

ಅಯ್ಯನವರು ಗಾಡಿ ಇಳಿದರು. ಮೂರು ಬುಟ್ಟಿ ಭತ್ತ ಚೀಲಕ್ಕೆ ಬಿತ್ತು. ಚನಬಸಪ್ಪ ತಾನೇ ಅದನ್ನು ಹಿಂದಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದ. ಗಾಡಿ ಹೊರಡುವಾಗ ಒಂದು ಕ್ಷಣ ಕೊಸರಾಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಸಿರು ದೀಪ ಆರಿತು.

ಮುಂದೆ ಸಿದ್ದಕ್ಕನ ಕಣ. ಗಂಡನಿಲ್ಲದ ಹೆಂಗಸು, ಅಂಗೈಯಗಲ ಗದ್ದೆ. ಅವಳು ಕರೆಯಲೂ ಇಲ್ಲ. ಬುಟ್ಟಿ ತುಂಬಿ ಹೊತ್ತು ರಸ್ತೆಯಂಚಿನಲ್ಲಿ ನಿಂತಿದ್ದಳು. “ಹ್ವಾದ ವರ್ಷ ನಿಮಗ ನೀಡಾಕ ಆಗಲಿಲ್ರಿ ಯಪ್ಪಾ. ಅದನ್ನೂ ಸೇರಿಸೇನಿ.” ಅವಳನ್ನು ದಾಟಿ ಹೋಗಲು ಕಲ್ಲೆದೆ ಬೇಕು. ಎರಡನೆಯ ಚೀಲ ಅಯ್ಯನವರ ಕಾಲಿನ ನಡುವೆ ಕೂತಿತು. ಆಶೀರ್ವಾದದ ಮಾತು ಬಾಯಲ್ಲಿದ್ದರೂ ಕಣ್ಣು ಬಿಸಿಲಿನ ಏರಿಕೆಯನ್ನೇ ಅಳೆಯುತ್ತಿತ್ತು. ಈಗ ಹಳದಿಯೂ ಆರಿತು.

ಹೊನ್ನಿಕೊಪ್ಪದ ಏರು ಶುರುವಾಗುವಲ್ಲಿ, ಸಾಗವಾನಿ ಗಿಡಗಳ ನಡುವೆ, ಗಾಡಿ ನಿಂತಿತು. ಕೆಂಪು ದೀಪ ಒಮ್ಮೆ ಮಿಣುಕಿ ಸುಮ್ಮನಾಯಿತು. ಅಯ್ಯನವರು ಪೆಡಲಿನ ಮೇಲೆ ಕಾಲಿಟ್ಟು ತುಳಿದರು. ಮೊಣಕಾಲಿನೊಳಗೆ ಸೂಜಿ ಮುರಿದಂತಾಯಿತು. ಇಳಿದು ತಳ್ಳಿದರು; ಹತ್ತು ಮಾರು ಹೋಗುವುದರೊಳಗೆ ಗಾಡಿ ಅವರನ್ನೇ ಹಿಂದಕ್ಕೆ ಜಗ್ಗಿತು. ಊರು ಮೇಲೆ, ಕೂಗಿದರೆ ಕೇಳಿಸದಷ್ಟು ದೂರ. ಹೊತ್ತು ನೆತ್ತಿಯ ಮೇಲೆ ಬಂದಿತ್ತು. ದುರ್ಗಪ್ಪ ಈಗ ಮತ್ತೊಂದು ಫೋನು ಹಚ್ಚಿರಬಹುದು. ಚೀಲ ಇಲ್ಲೇ ಬಿಟ್ಟುಹೋದರೆ? ನೀಡಿದ ಭತ್ತ ನೆಲದ ಪಾಲಾಗಬಾರದು. ಕಾಡು ದನ ಮೂಸುತ್ತವೆ, ಹಂದಿ ತುಳಿಯುತ್ತವೆ.

“ಸಾಮಿ, ಗಾಡಿಗೂ ಮೊಣಕಾಲ ನೋವೇನ್ರಿ?”

ಲಂಬಾಣಿ ತಾಂಡಾದ ಫೂಲಿಬಾಯಿ, ತಲೆಯ ಮೇಲೆ ಕಟ್ಟಿಗೆಯ ಹೊರೆ. ನಕ್ಕಾಗ ಮೂಗುತಿಯೂ ನಕ್ಕಿತು.

“ಹೌದವಾ. ಮ್ಯಾಲ ಜೀವ ಒಂದು ಕಾಯಾಕತ್ತೈತಿ. ಈ ಚೀಲ ತುಸು ನೋಡಕೋತ ಕೂಡತಿ?”

“ನಾ ಇಲ್ಲಿ ಕುಂತ್ರ ನನ್ನ ಒಲಿ ಯಾರು ಹಚ್ಚತಾರ್ರಿ, ನೀವು ಬಂದು ಹಚ್ಚತೀರೇನು?”

ಬಸಲಿಂಗಯ್ಯನವರು ಮೇಲಿನ ದಾರಿ ನೋಡಿದರು, ಚೀಲ ನೋಡಿದರು. ಬಾಯಿಂದ ಬಂದ ಮಾತು ಅವರಿಗೇ ಬೇರೆಯವರದೆನ್ನಿಸಿತು.

“ಹಂಗಾರ ನೀ ಒಯ್ಯಿ.”

“ಹೊತ್ತು ತಂದು ಕೊಡ್ಲೇನ್ರಿ ಮ್ಯಾಲ? ಎಷ್ಟ ಕೊಡತೀರಿ?”

“ಮ್ಯಾಲ ಅಲ್ಲವ್ವಾ. ನಿನ್ನ ಮನಿಗೆ. ನಿನಗ.”

ಫೂಲಿಬಾಯಿಯ ನಗು ನಿಂತಿತು. ಹೊರೆಯನ್ನು ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ್ರಿ. ಅಯ್ಯಾರು ತಗೋಬೇಕು, ಕೊಡಬಾರದು. ಸಾಮಿ ಜೋಳಿಗಿ ಭತ್ತ ಉಂಡು ನನ್ನ ಮಗ ಗಂಗಾರಾಮಗ ಏನರ ಆದ್ರ?”

“ಏನೂ ಆಗೂದಿಲ್ಲ. ತಗೋ ತಾಯಿ.”

ಅವಳು ತಲೆ ಅಲ್ಲಾಡಿಸಿದಳು.

“ತಗೋ ತಾಯಿ,” ಎಂದರು ಮತ್ತೆ. ನಲವತ್ತು ವರ್ಷ ಹೊಸ್ತಿಲ ಮುಂದೆ ನಿಂತು ಭಿಕ್ಷೆ ನೀಡವ್ವಾ ಎಂದ ದನಿ ಅದೇ. ಅದೇ ಎಳೆತ, ಅದೇ ಬಾಗು. ಸಿದ್ದಕ್ಕ ಬುಟ್ಟಿ ಹೊತ್ತು ನಿಂತದ್ದು ಕಣ್ಣ ಮುಂದೆ ಬಂತು. ಅವಳಿಗೆ ಗೊತ್ತಾದರೆ? ಚನಬಸಪ್ಪನಿಗೆ? ಮನೆಯಲ್ಲಿ ಖಾಲಿ ಬಿದ್ದಿದ್ದ ಕಣಜದ ಬುಡವೂ ಕಂಡಿತು. ಆದರೂ ಚೀಲದ ಹಗ್ಗ ಬಿಚ್ಚುತ್ತಿದ್ದ ಬೆರಳು ನಿಲ್ಲಲಿಲ್ಲ.

ಫೂಲಿಬಾಯಿ ತಲೆಯ ಮೇಲಿನ ಓಢಣಿ ತೆಗೆದು, ಎರಡು ಕೈಯಲ್ಲಿ ಅಗಲಿಸಿ ಹಿಡಿದಳು. “ಇದರಾಗ ನೀವ ಹಾಕ್ರಿ. ಮೂರು ಸಲ. ಉಳಿದಿದ್ದು ನಾ ಎತ್ತಕೊಂತೇನಿ.”

ಅವರು ಬೊಗಸೆ ತುಂಬಿ ಹಾಕಿದರು. ಕೊಡುವ ಕೈ ಹೇಗೆ ತಿರುಗಬೇಕೆಂದು ಕೈಗೆ ತಿಳಿಯದೆ, ಮೊದಲ ಬೊಗಸೆಯಲ್ಲಿ ಅರ್ಧ ಹೊರಗೇ ಚೆಲ್ಲಿತು.

“ಸಾವಕಾಶ್ರಿ ಸಾಮಿ,” ಎಂದಳು ಅವಳು. “ರೂಢಿ ಇಲ್ಲ ನಿಮಗ.”

ಎರಡೂ ಚೀಲ ಗಿಡದ ಬುಡ ಸೇರಿದವು. ಗಂಡನನ್ನು ಕರೆತಂದು ಒಯ್ಯುತ್ತೇನೆಂದಳು. ಆಮೇಲೆ ಹೇಳದೆಯೇ ಬಂದು ಗಾಡಿಗೆ ಹಿಂದಿನಿಂದ ಕೈ ಹಚ್ಚಿದಳು. ಅಷ್ಟು ಹೊತ್ತು ವಿಶ್ರಾಂತಿ ಸಿಕ್ಕಿದ್ದಕ್ಕೋ ಏನೋ, ಕೀಲಿ ತಿರುವಿದಾಗ ಕೆಂಪು ದೀಪ ಮತ್ತೆ ಹತ್ತಿತು. ಹಗುರಾದ ಗಾಡಿ ತೆವಳುತ್ತ ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಕೊನೆಯ ಮೂವತ್ತು ಮಾರು ಬಸಲಿಂಗಯ್ಯನವರು ಹಲ್ಲು ಕಚ್ಚಿ ತುಳಿದರು.

ದುರ್ಗಪ್ಪ ಬಾಗಿಲಲ್ಲೇ ಇದ್ದ. ಅಂಗಳದಲ್ಲಿ ಸಣ್ಣಯ್ಯನ ಗಾಡಿಯಿರಲಿಲ್ಲ.

ಒಳಗೆ ಮುದಕವ್ವನನ್ನು ದಿಂಬುಗಳಿಗೆ ಆನಿಸಿ ಕೂರಿಸಿದ್ದರು. ಎದುರಿಗೆ ಸ್ಟೂಲಿನ ಮೇಲೆ ಟೇಬಲ್ ಫ್ಯಾನು ಗರಗರ ತಿರುಗುತ್ತ ಅವಳ ಬಾಯಿಗೆ ಗಾಳಿ ತುಂಬುತ್ತಿತ್ತು. ಅಯ್ಯನವರು ಕಾಲು ತೊಳೆದುಕೊಂಡು ಬಂದು ಹಣೆಗೆ ವಿಭೂತಿ ಹಚ್ಚಿದರು, ತುಟಿಗೆ ಪಾದೋದಕ ಬಿಟ್ಟರು. ಅವಳು ಕಣ್ಣು ತೆರೆದಳು.

“ಬಂದ್ರಿ?”

“ಬಂದೇನವಾ.”

“ಸಪ್ಪಳನ ಕೇಳಲಿಲ್ಲಲ್ಲ.”

“ಬ್ಯಾಟರಿ ಗಾಡಿ ಅದು. ಈಗ ಅದಕ್ಕೂ ಉಸರಿಲ್ಲ.”

ಅವಳ ಕಣ್ಣು ಫ್ಯಾನಿನ ವೈರು ಹಿಡಿದು ಗೋಡೆಯ ತನಕ ಹೋಯಿತು. ಮನೆಯಲ್ಲಿ ಪ್ಲಗ್ಗು ಅದೊಂದೇ. “ದುರ್ಗಪ್ಪಾ, ಅದನ್ನ ಕೀಳೋ. ಅಜ್ಜಾರ ಗಾಡಿಗೆ ಹಚ್ಚು. ಅವರು ಹೊಳ್ಳಿ ಹೋಗಬೇಕು.”

“ಬ್ಯಾಡವಾ,” ಎಂದರು ಅಯ್ಯನವರು. “ನಾ ಎಲ್ಲೂ ಹೊಂಟಿಲ್ಲ.”

“ಕೀಳೋ,” ಎಂದಳು ಮುದುಕಿ. ಆ ಮನೆಯಲ್ಲಿ ಅವಳ ಮಾತನ್ನು ಮೂರನೆಯ ಸಲ ಹೇಳಿಸಿಕೊಂಡವರಿರಲಿಲ್ಲ. ದುರ್ಗಪ್ಪ ಫ್ಯಾನಿನ ವೈರು ಕಿತ್ತ. ಗರಗರ ನಿಂತು ಅವಳ ಉಸಿರಿನ ಸದ್ದೊಂದೇ ಉಳಿಯಿತು.

ಅಷ್ಟರಲ್ಲಿ ಸೊಸೆ ಮೊರದ ತುಂಬ ಹೊಸ ಭತ್ತ ತಂದು ಅಯ್ಯನವರ ಮುಂದೆ ಹಿಡಿದಳು. ಮನೆಗೆ ಬಂದ ಅಯ್ಯನಿಗೆ ಮೊದಲು ನೀಡಬೇಕು, ಆಮೇಲೆ ಉಳಿದದ್ದು.

“ಬ್ಯಾಡವ್ವ. ನಾ ಸಣ್ಣ ಗಾಡಿ ತಗೊಂಡೇನಿ.”

“ಅಂದ್ರೇನ್ರೀ?”

“ಅದರ ಮ್ಯಾಲ ಇದು ಹಿಡಿಯೂದಿಲ್ಲ. ಭತ್ತ ಒಳಗ ಸುರುವಿ ಆ ಮೊರ ಇಲ್ಲೆ ಕೊಡು.”

ಅವಳು ಅರ್ಥವಾಗದೆ ಗಂಡನ ಮುಖ ನೋಡಿದಳು. ಭತ್ತ ಸುರುವಿ ಬಂದು ಖಾಲಿ ಮೊರ ಕೊಟ್ಟಳು. ಬಸಲಿಂಗಯ್ಯನವರು ನೋಯುವ ಕಾಲು ಚಾಚಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಮೊರ ಬೀಸತೊಡಗಿದರು.

“ಅಯ್ಯಯ್ಯ, ನೀವು ಬೀಸಬಾರದ್ರೀ ಅಜ್ಜಾರ, ಇಲ್ಲೆ ಕೊಡ್ರಿ…”

ಅವರು ಕೊಡಲಿಲ್ಲ. ಬೀಸುವ ಕೈಗೆ ಒಂದು ತಾಳ ಸಿಕ್ಕಿತ್ತು. ಅದರ ಮೇಲೆ ಪದ್ಯ ತಾನಾಗಿ ಎದ್ದು ಬಂತು. ಒಂದು, ಎರಡು, ಮೂರನೆಯ ಪದ್ಯ. ಮುದಕವ್ವನ ಹುಬ್ಬಿನ ಗಂಟು ಸಡಿಲಾಯಿತು.

“ಒಂದು ಸಾಲು ಬಿಟ್ರಿ,” ಎಂದಳು, ಕಣ್ಣು ತೆರೆಯದೆ.

ಅವರು ಹಿಂದಕ್ಕೆ ಹೋಗಿ ಬಿಟ್ಟ ಸಾಲಿನಿಂದ ಮತ್ತೆ ಹಿಡಿದರು. ಮೊರದ ಹೆಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳು, ಬೀಸಿದಾಗೊಮ್ಮೆ ಒಂದೊಂದಾಗಿ, ಅವಳ ಹೊದಿಕೆಯ ಮೇಲೆ ಉದುರುತ್ತಿದ್ದವು.