ಹ ಸಾಲಿನ ದಿನ

ನಮ್ಮಪ್ಪ ಮೇಷ್ಟ್ರು. ತಲೆಕಟ್ಟಿಲ್ಲದ ಅಕ್ಷರ ಅಂದರೆ ತಲೆಯಿಲ್ಲದ ಮನುಷ್ಯ ಎಂದು ಹೇಳಿ ಹೇಳಿ, ಒಂದೊಂದು ಅಕ್ಷರವನ್ನೂ ಸ್ಲೇಟಿನ ಮೇಲೆ ನೂರು ಸಲ ತಿದ್ದಿಸಿ, ನನಗೂ ನನ್ನ ತಂಗಿಗೂ ಒಂದೇ ಅಚ್ಚಿನ ಬರಹ ಕಲಿಸಿಟ್ಟು ಹೋದರು. ಅವಳ ಹೋಮ್‌ವರ್ಕ್ ನಾನು ಬರೆದುಕೊಟ್ಟರೆ ಯಾವ ಟೀಚರಿಗೂ ಗೊತ್ತಾಗುತ್ತಿರಲಿಲ್ಲ. ಆ ಬರಹ ಮುಂದೆ ನನ್ನನ್ನು ಹೀಗೆ ಆಟ ಆಡಿಸುತ್ತದೆ ಎಂದು ತಿಳಿದಿದ್ದರೆ ಕಾಗೆಕಾಲು ಗುಬ್ಬಿಕಾಲು ಬರೆದುಕೊಂಡು ಹಾಯಾಗಿರುತ್ತಿದ್ದೆ.

ನಾವಿಬ್ಬರೂ ಒಂದೇ ಮನೆಯಲ್ಲಿ ಇರುವವರು, ಒಂದೇ ಬೈಂಡಿಂಗ್ ಅಂಗಡಿಯಲ್ಲಿ ದುಡಿಯುವವರು. ಪುಸ್ತಕದ ಬೆನ್ನಿನ ಮೇಲೆ ಬ್ರಷ್ಷಿನಿಂದ ಹೆಸರು ಬರೆಯುವುದು ನನ್ನ ಕೆಲಸ. ಕಾಗದದ ಕಟ್ಟುಗಳನ್ನು ಕತ್ತರಿಸುವ ಮೆಷಿನ್ನಿನ ಮುಂದೆ ಕೂರುವುದು ತಂಗಿಯ ಕೆಲಸ. ಒಂಬತ್ತು ವರ್ಷದಿಂದ ಆ ಬ್ಲೇಡಿನ ಎದುರು ಕೂತವಳು ಅವಳು. ನಮ್ಮ ಮಾಲೀಕರನ್ನು ನಾವು ಬೆನ್ನ ಹಿಂದೆ ಕರೆಯುವುದು ಗಡಿಬಿಡಿ ಎಂದು. ಊಟ ಮಾಡುವಾಗಲೂ ಚಪ್ಪಲಿ ಕಳಚದ ಮನುಷ್ಯ.

ಹಳೆಯ ಮೆಷಿನ್ನು ಕೈಕೊಟ್ಟಿತು. ಗಡಿಬಿಡಿ ಎಲ್ಲಿಂದಲೋ ಜಪಾನಿನ ಸೆಕೆಂಡ್ ಹ್ಯಾಂಡ್ ಮೆಷಿನ್ನೊಂದನ್ನು ತರಿಸಿದರು. ಅದರ ಮೈತುಂಬ ಜಪಾನಿ ಅಕ್ಷರಗಳ ಚೀಟಿಗಳು, ಜೊತೆಗೆ ಬಂದ ಪುಸ್ತಕವೂ ಅದೇ ಲಿಪಿಯಲ್ಲಿ. ಮಕ್ಕಳು ತಿದ್ದುವ ಜಪಾನಿ ಅಕ್ಷರಮಾಲೆಯೊಂದನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಮುಂದೆ ಹಾಕಿ, ಅಕ್ಷರ ನಿನ್ನ ಕಸುಬು ತಾನೆ, ಕಲಿತುಬಿಡು ಎಂದರು. ಅಕ್ಷರ ಬಂದರೆ ಸಾಕು, ಹಸುವಿನ ಹಿಂದೆ ಕರು ಬಂದ ಹಾಗೆ ಭಾಷೆ ತಾನೇ ಬರುತ್ತದೆ ಎಂಬುದು ಅವರ ನಂಬಿಕೆ.

ಮೆಷಿನ್ನಿಗೆ ಎಣ್ಣೆ ಬಿಡುವ ಕೆಲಸ ಯಾವಾಗಲೂ ನನ್ನದೇ. ತಂಗಿಗೆ ಜಿಡ್ಡು ಕಂಡರಾಗದು. ಬಂದ ಮೊದಲ ದಿನ, ಮೆಷಿನ್ನಿನ ಹಿಂಬದಿಗೆ ಹೋಗಿ ಮಂಡಿಯೂರಿ, ಕೆಳಗಿದ್ದ ಕಬ್ಬಿಣದ ಸಣ್ಣ ಬಾಗಿಲು ತೆರೆದೆ. ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಅಕ್ಷರಗಳಿದ್ದವು. ಹತ್ತು ಸಾಲು, ಕೊನೆಯಲ್ಲಿ ಒಂಟಿ ಅಕ್ಷರವೊಂದು. ಅದರ ಮೇಲೆ ವರ್ಷಗಟ್ಟಲೆ ಕೂತ ಎಣ್ಣೆಯ ಪದರ ಹಳದಿಗಟ್ಟಿತ್ತು.

ನನಗೆ ಅದರಲ್ಲಿ ಒಂದಕ್ಷರವೂ ಬರದು. ಆದರೆ ಇಪ್ಪತ್ತಾರು ವರ್ಷ ಅಕ್ಷರ ಬರೆದೇ ಹೊಟ್ಟೆ ಹೊರೆದವಳ ಕಣ್ಣು ಸುಮ್ಮನಿರುತ್ತದೆಯೇ? ಮೊದಲ ಐದು ಸಾಲು ಅಚ್ಚುಕಟ್ಟು. ಐದನೆಯ ಸಾಲಿನಲ್ಲಿ ಮಾತ್ರ ಮೂರನೆಯ ಅಕ್ಷರವನ್ನು ಹೊಡೆದುಹಾಕಿ ಪಕ್ಕದಲ್ಲೇ ಮತ್ತೆ ಬರೆದಿತ್ತು. ಆರನೆಯ ಸಾಲಿನಿಂದ ಬರಹ ತೂರಾಡುತ್ತಿತ್ತು. ಅಕ್ಷರಗಳು ಊದಿಕೊಂಡಿದ್ದವು, ಉದ್ದಕ್ಕೂ ಅಂಗೈ ಉಜ್ಜಿ ಮಸಿಮಸಿಯಾಗಿತ್ತು. ಹಾಗೆ ಮಸಿಯಾಗುವುದು ಎಡಗೈಯಲ್ಲಿ ಬರೆದರೆ. ಬಲಗೈಯವರ ಅಂಗೈ ಇನ್ನೂ ಬರೆಯದ ಜಾಗದ ಮೇಲಿರುತ್ತದೆ, ಎಡಗೈಯವರದು ಬರೆದದ್ದರ ಮೇಲೆಯೇ ಹಾದುಹೋಗುತ್ತದೆ. ಯಾರೋ ಇಲ್ಲಿ ದಿನಕ್ಕೊಂದು ಸಾಲಿನಂತೆ ಅಕ್ಷರ ತಿದ್ದಿದ್ದಾರೆ, ಐದನೆಯ ದಿನದ ನಂತರ ಅವರ ಬಲಗೈ ಇಲ್ಲವಾಗಿದೆ ಅನ್ನಿಸಿತು. ಎಷ್ಟೆಂದರೂ ಅದು ಕತ್ತರಿಸುವ ಮೆಷಿನ್ನು. ತಟ್ಟನೆ ಬಾಗಿಲು ಮುಚ್ಚಿದೆ.

ಮರುದಿನ ಬೆಳಿಗ್ಗೆಯಿಂದ ಪಾಠ ಶುರು. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಲೋಟದ ಪಕ್ಕ ಪುಸ್ತಕ ಬಿಡಿಸಿಕೊಂಡು, ಕೆಲಸಕ್ಕೆ ಹೊರಡುವ ಮುನ್ನ ಒಂದು ಸಾಲು. ಒಂದು ಸಾಲಿಗೆ ಐದಕ್ಷರ, ಒಂದೊಂದನ್ನೂ ನಲವತ್ತು ಸಲ. ನೀನೊಬ್ಬಳೇ ಜಾಣೆಯಾಗೋದು ಬೇಡ ಎಂದು ತಂಗಿಯೂ ರದ್ದಿ ಕಾಗದ ಹಿಡಿದು ಎದುರಿಗೆ ಕೂತಳು. ಮೊದಲ ಸಾಲು ಅ ಇ ಉ ಎ ಒ. ನಮ್ಮ ಸ್ವರಗಳೇ, ದೀರ್ಘಗಳು ಮಾತ್ರ ರಜೆ ಹಾಕಿದ್ದವು. ಆಮೇಲೆ ಕ ಸಾಲು, ಸ ಸಾಲು, ತ ಸಾಲು, ನ ಸಾಲು. ತ ಸಾಲಿನಲ್ಲಿ ತಿ ಇರಬೇಕಾದ ಕಡೆ ಚಿ ಇತ್ತು. ತಕಾರದ ಮನೆಗೆ ಚಕಾರ ಬಾಡಿಗೆಗೆ ಬಂದಿದೆ ಎಂದು ತಂಗಿ ನಕ್ಕಳು.

ಅವಳು ಅದಕ್ಕಿಂತ ಹೆಚ್ಚು ನಕ್ಕಿದ್ದು ಮೂರನೆಯ ದಿನ, ನನ್ನ ಪುಟ ನೋಡಿ.

"ಅಕ್ಕ, ಇವಕ್ಕೂ ತಲೆಕಟ್ಟು ಹಾಕಿದೀಯಲ್ಲೇ" ಎಂದಳು.

ನೋಡಿದರೆ ಹೌದು. ಪುಸ್ತಕದಲ್ಲಿ ಬೋಳುತಲೆಯಲ್ಲಿದ್ದ ಅಕ್ಷರಗಳಿಗೆಲ್ಲ ನಾನು ಒಂದೊಂದು ಸಣ್ಣ ಕೊಕ್ಕೆ ಸೇರಿಸಿದ್ದೆ. ಅವಳ ಹಾಳೆ ಕಿತ್ತು ನೋಡಿದೆ, ಅಲ್ಲೂ ಅದೇ ಕೊಕ್ಕೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬಿಡಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಕೈ ಕೇಳಲಿಲ್ಲ. ಅಪ್ಪ ಸತ್ತರೂ ಅವರ ಬೆತ್ತ ಕೈಯೊಳಗೆ ಉಳಿದಿತ್ತು.

ಐದನೆಯ ದಿನ ಸಂಜೆ ಮತ್ತೆ ಎಣ್ಣೆ ಬಿಡಲು ಆ ಬಾಗಿಲು ತೆರೆದೆ. ಈಗ ಐದು ಸಾಲು ಓದಲು ಬರುತ್ತಿತ್ತು. ಹುಮ್ಮಸ್ಸಿನಿಂದ ಅ ಇ ಉ ಎಂದು ಓದತೊಡಗಿದವಳು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಿಂತೆ. ಅಕ್ಷರಗಳಿಗೆಲ್ಲ ತಲೆಕಟ್ಟಿತ್ತು. ಮೊದಲ ದಿನ ನನಗೆ ಅದು ಕಂಡಿರಲಿಲ್ಲ. ಅಕ್ಷರ ಯಾವುದು, ಅದರ ಮೇಲೆ ಹೆಚ್ಚಿಗೆ ಬಂದದ್ದು ಯಾವುದು ಎಂದೇ ತಿಳಿಯದವಳಿಗೆ ಕಾಣುವುದಾದರೂ ಹೇಗೆ?

ಜಪಾನಿನಲ್ಲಿ ಹುಟ್ಟಿ ಬೆಳೆದ ಯಾವ ಕೈಯೂ ಆ ಕೊಕ್ಕೆ ಹಾಕುವುದಿಲ್ಲ. ಅದು ನಮ್ಮಪ್ಪನ ಸ್ಲೇಟಿನಿಂದ ಬಂದದ್ದು. ಎಣ್ಣೆಯನ್ನು ಉಗುರಿನಿಂದ ಕೆರೆದು ನೋಡಿದೆ. ಬರಹ ಪದರದ ಅಡಿಯಲ್ಲೇ ಇತ್ತು, ಮೆಷಿನ್ನು ನಮ್ಮ ಅಂಗಡಿಗೆ ಕಾಲಿಡುವ ಎಷ್ಟೋ ವರ್ಷ ಮೊದಲಿನಿಂದ ಇತ್ತು. ಆದರೂ ಅದು ನಮ್ಮ ಬರಹ. ನನ್ನದು, ಇಲ್ಲವೇ ತಂಗಿಯದು. ನಾವು ಕಲಿತು ಮುಗಿಸಿದ್ದು ಐದು ಸಾಲು. ನಾಳೆಯದು ಹ ಸಾಲು. ಬಾಗಿಲ ಮೇಲೆ ಹ ಸಾಲಿನಿಂದ ಎಡಗೈ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಕಳೆದುಹೋಗುವುದು ಅವಳ ಕೈಯೋ ನನ್ನ ಕೈಯೋ ಎಂಬುದಷ್ಟೇ ತಿಳಿಯದೆ ಉಳಿದದ್ದು. ಆದರೆ ದಿನವಿಡೀ ಬ್ಲೇಡಿನ ಮುಂದೆ ಕೂರುವವಳು ನಾನಲ್ಲವಲ್ಲ.

ನಾಳೆ ರಜೆ ಹಾಕು ಎಂದು ಮನೆಯಲ್ಲಿ ಅವಳಿಗೆ ಎಷ್ಟೋ ಹೇಳಿದೆ. ಕಾರಣ ಕೇಳಿದಳು. ಬಾಗಿಲಿನ ವಿಷಯ ಹೇಳಿದರೆ ನಗುತ್ತಾಳೆ, ಆಮೇಲೆ ನೋಡಿಯೇ ಬಿಡೋಣ ಎಂದು ಎಲ್ಲರಿಗಿಂತ ಮೊದಲೇ ಅಂಗಡಿಗೆ ಓಡುತ್ತಾಳೆ. ಅವಳ ಜಾಯಮಾನವೇ ಅದು. ಬೆಳಿಗ್ಗೆ ನಾನು ಪೆನ್ಸಿಲ್ ಮುಟ್ಟಲಿಲ್ಲ. ನೀನು ಬರೆಯದಿದ್ದರೆ ನಂಗೂ ಬೇಡ ಎಂದು ಅವಳು ಸ್ನಾನಕ್ಕೆ ಹೋದಳು. ನಾನು ಅವಳ ಕನ್ನಡಕವನ್ನು ಸಕ್ಕರೆ ಡಬ್ಬಿಯೊಳಗೆ ಆಳಕ್ಕೆ ತುರುಕಿ ಮುಚ್ಚಳ ಹಾಕಿದೆ. ಕನ್ನಡಕವಿಲ್ಲದಿದ್ದರೆ ಅವಳಿಗೆ ಬಾಗಿಲು ಯಾವುದು, ಕಿಟಕಿ ಯಾವುದು ಎಂದು ತಿಳಿಯದು. ಮನೆಯೆಲ್ಲ ತಡಕಾಡಿ, ಕಾಣದ ಕನ್ನಡಕಕ್ಕೆ ಶಾಪ ಹಾಕಿ, ಅವಳು ಮನೆಯಲ್ಲೇ ಉಳಿದಳು. ನಾನು ಗೆದ್ದೆನೆಂದುಕೊಂಡು ಹೊರಟೆ.

ಅಂಗಡಿಯಲ್ಲಿ ಗಡಿಬಿಡಿ ಕುದಿಯುತ್ತಿದ್ದರು. ಐನೂರು ಡೈರಿ ಸಂಜೆಯೊಳಗೆ ಕತ್ತರಿಸಿ ಹೋಗಬೇಕಿತ್ತು. ಕನ್ನಡಕ ಕಳೆದಿದೆ ಎಂದರೆ, ಅವಳು ಕಣ್ಣುಮುಚ್ಚಿಕೊಂಡೂ ಕತ್ತರಿಸುತ್ತಾಳೆ, ಈಗಲೇ ಗಾಡಿ ಕಳಿಸಿ ಕರೆಸುತ್ತೇನೆ ಎಂದು ಫೋನ್ ಎತ್ತಿಕೊಂಡರು. ಕಣ್ಣು ಕಾಣದ ತಂಗಿ, ಆ ಬ್ಲೇಡು, ಆ ದಿನ. ಚಿತ್ರ ನನ್ನ ಕಣ್ಣಮುಂದೆ ನಿಂತಿತು.

"ಅವಳನ್ನ ಕರೀಬೇಡಿ. ನಾನೇ ಕೂರ್ತೀನಿ" ಎಂದೆ.

ಅವಳಿಗೆ ಹುಷಾರಿಲ್ಲದ ದಿನಗಳಲ್ಲಿ ಹಳೆಯ ಮೆಷಿನ್ನು ನಡೆಸಿದ್ದುಂಟು. ಇದು ಹಾಗಲ್ಲ. ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುವಂತೆ ಮಾಡಿದ್ದರು, ಕೈ ಒಳಗಿರಬಾರದು ಎಂದು. ಆದರೆ ಹಿಂದಿನವರು ಯಾರೋ ಬಲಗಡೆಯ ಗುಂಡಿಗೆ ರಟ್ಟಿನ ಚೂರು ಸಿಕ್ಕಿಸಿ, ಎಡಗೈ ಒಂದರಿಂದಲೇ ಕೆಲಸ ಸಾಗುವಂತೆ ಮಾಡಿಕೊಂಡಿದ್ದರು. ಬೇಗ ಆಗುತ್ತೆ ಎಂದು ತಂಗಿಯೂ ಅದನ್ನು ಹಾಗೇ ಬಿಟ್ಟಿದ್ದಳು. ಪಕ್ಕದಲ್ಲಿ ಮೂರಕ್ಷರದ ಕೆಂಪು ಚೀಟಿ. ಮೊದಲನೆಯದು ತೊ, ತ ಸಾಲಿನ ಕೊನೆಯದು. ಮಿಕ್ಕೆರಡು ನಾನಿನ್ನೂ ಮುಟ್ಟದ ಸಾಲುಗಳವು. ಇಡೀ ಪದದ ಅರ್ಥ ನಿಲ್ಲು ಎಂದು ಆಮೇಲೆ ತಿಳಿಯಿತು.

ಎರಡು ಕಟ್ಟು ಸರಿಯಾಗಿಯೇ ಆದವು. ಮೈಯೆಲ್ಲ ಕಣ್ಣಾಗಿ ಕೂತಿದ್ದೆ. ಮೂರನೆಯದರ ಮೇಲೆ ಕಾಗದದ ಒಂದು ಚೂರು ಕೂತಿತ್ತು. ಪುಸ್ತಕದ ಬೆನ್ನಿಗೆ ಬ್ರಷ್ಷು ಮುಟ್ಟಿಸುವ ಮೊದಲು ಬಲಗೈ ಅಂಚಿನಿಂದ ಒಮ್ಮೆ ಧೂಳು ಒರೆಸುವುದು ನನ್ನ ಅಭ್ಯಾಸ. ಇಪ್ಪತ್ತಾರು ವರ್ಷದ ಅಭ್ಯಾಸ. ಎಡಗೈ ಗುಂಡಿ ಒತ್ತಿತು, ಬಲಗೈ ನನ್ನನ್ನು ಕೇಳದೆ ಆ ಚೂರನ್ನು ಒರೆಸಲು ಹೋಯಿತು.

ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಹೋದವು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನನಗೆ ಮೊದಲು ಆದದ್ದು ಸಂತೋಷ. ತಂಗಿ ಮಂಚದ ಪಕ್ಕ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು, ಅವಳ ಎರಡೂ ಕೈ ನೆಟ್ಟಗಿದ್ದವು.

ಹೊಸ ಕನ್ನಡಕ ಮಾಡಿಸಿಕೊಂಡು, ಎರಡು ತಿಂಗಳು ಅವಳೇ ನನಗೆ ತಲೆ ಬಾಚಿದಳು, ತುತ್ತು ಕಲಸಿಕೊಟ್ಟಳು. ಎಡಗೈಯಲ್ಲಾದರೂ ಪೆನ್ಸಿಲ್ ಹಿಡಿ ಎಂದು ದಿನಾ ಗೋಗರೆದಳು, ನನಗೆ ಮನಸ್ಸಾಗಲಿಲ್ಲ. ಒಂದು ದಿನ ಸಕ್ಕರೆ ಡಬ್ಬಿ ತಳ ಕಂಡಿತು. ಅವಳು ಹಳೆಯ ಕನ್ನಡಕವನ್ನು ತಂದು ನನ್ನೆದುರು ಮೇಜಿನ ಮೇಲಿಟ್ಟಳು. ಕೆಟ್ಟ ಕನಸು ಬಿದ್ದಿತ್ತು, ಬ್ಲೇಡಿನ ಹತ್ತಿರ ನೀನು ಹೋಗೋದು ಬೇಡ ಅನ್ನಿಸಿತ್ತು ಎಂದೆ. ಬಾಗಿಲಿನ ಮಾತು ಆಗಲೂ ಎತ್ತಲಿಲ್ಲ. ಅವಳು ಬಹಳ ಹೊತ್ತು ಕನ್ನಡಕಕ್ಕೆ ಅಂಟಿದ ಸಕ್ಕರೆಯನ್ನು ಒರೆಸುತ್ತಿದ್ದಳು.

"ನಾನು ಚೂರನ್ನ ಕೈಲಿ ಒರೆಸಲ್ಲ ಅಕ್ಕ, ಊದ್ತೀನಿ" ಎಂದಳು. "ಅವತ್ತು ನಾನು ಕೂತಿದ್ರೆ ಏನೂ ಆಗ್ತಿರ್ಲಿಲ್ಲ."

ಬ್ಲೇಡಿಗಿಂತ ಆ ಮಾತು ಹೆಚ್ಚು ಕೊಯ್ದಿತು. ಅವಳು ನನ್ನನ್ನು ದೂರಲೆಂದು ಹೇಳಿದ್ದಲ್ಲ, ದುಃಖಕ್ಕೆ ಹೇಳಿದ್ದು. ನಿಜವೇ ಇರಬಹುದು ಎಂಬುದೇ ನನ್ನನ್ನು ತಿನ್ನತೊಡಗಿತು.

ಮುಂದಿನ ವಾರ ನನ್ನ ಬ್ರಷ್ಷುಗಳನ್ನು ತರಲು ಇಬ್ಬರೂ ಮಧ್ಯಾಹ್ನ ಅಂಗಡಿಗೆ ಹೋದೆವು. ಗಡಿಬಿಡಿ ಆ ಮೆಷಿನ್ನನ್ನು ಸಾಗಹಾಕುತ್ತಿದ್ದರು. ಮರುದಿನ ಲಾರಿ ಬರುವುದಿತ್ತು, ಎಲ್ಲಿಗೆ ಹೋಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಮೆಕ್ಯಾನಿಕ್ ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದ. ಆ ಸಣ್ಣ ಬಾಗಿಲು ಗೋಡೆಗೊರಗಿತ್ತು. ಒಳಮೈ ನೋಡಿದೆ. ಒಂದು ಗೆರೆಯೂ ಇರಲಿಲ್ಲ, ಕಬ್ಬಿಣ ಹೊಸದರಂತೆ ಹೊಳೆಯುತ್ತಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಬಂತು.

ಗಡಿಬಿಡಿ ಒಳಗೆ ಕರೆದು ಹೇಗಿದ್ದೀಯ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಗೆ ಓಡಿದರು. ನಾನು ಹೊರಗೆ ಬಂದೆ. ತಂಗಿ ನೆಲದ ಮೇಲೆ ಕಾಲು ಚಾಚಿ, ಆ ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲಿನಿಂದ ಬರೆಯುತ್ತಿದ್ದಳು. ನನ್ನನ್ನು ನಗಿಸುವುದಕ್ಕೆ.

"ನೀನು ಬಿಟ್ಟ ಪಾಠ ಮುಂದುವರಿಸ್ತೀಯೇನೋ ಅಂತ. ಹೇಗೂ ನಾಳೆ ಹೋಗೋ ಸಾಮಾನು, ಯಾರು ಬಯ್ತಾರೆ" ಎಂದಳು.

ನಾಲ್ಕು ಸಾಲು ಮುಗಿದಿತ್ತು. ಅದೇ ಎತ್ತರ, ಅದೇ ಅಂತರ, ಎಡಗಡೆ ಅಷ್ಟೇ ಬಿಟ್ಟ ಜಾಗ, ಅಕ್ಷರಗಳ ಮೇಲೆ ಅಪ್ಪ ಕಲಿಸಿದ ಕೊಕ್ಕೆ. ಐದನೆಯದನ್ನು ಶುರು ಮಾಡಿದ್ದಳು. ನ ಬರೆದಳು. ನಿ ಬರೆದಳು. ಮೂರನೆಯದನ್ನು ತಪ್ಪು ಬರೆಯುತ್ತಾಳೆ ಎಂದು ಅವಳು ಪೆನ್ಸಿಲ್ ಊರುವ ಮೊದಲೇ ನನಗೆ ಗೊತ್ತಿತ್ತು. ಕೊನೆಯ ಸುರುಳಿ ಮರೆತಳು, ತ್ಚು ಎಂದು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಮತ್ತೆ ಬರೆದಳು. ಸಾಲು ಮುಗಿಸಿ, ಚೀಲದಿಂದ ಅಕ್ಷರದ ಪುಸ್ತಕ ತೆಗೆದು, ಹ ಸಾಲಿನ ಪುಟ ಬಿಡಿಸಿ, ಪೆನ್ಸಿಲನ್ನು ನನ್ನ ಎಡಗೈಗೆ ತುರುಕಿದಳು.

ಆಗ ತಿಳಿಯಿತು. ಬಾಗಿಲ ಮೇಲಿದ್ದದ್ದು ಕೈ ಕಳೆದುಕೊಂಡ ಒಬ್ಬರ ಬರಹವಾಗಿರಲಿಲ್ಲ, ಇಬ್ಬರದಾಗಿತ್ತು. ಮೊದಲ ಐದು ಸಾಲು ಅವಳ ಬಲಗೈ, ಉಳಿದದ್ದು ನನ್ನ ಎಡಗೈ. ನಾಳೆ ಲಾರಿ ಹತ್ತುವ ಈ ಬಾಗಿಲೇ ಹೇಗೋ ಹಿಂದಿನ ಕಾಲಕ್ಕೆ ಹೋಗಿ, ವರ್ಷಗಟ್ಟಲೆ ಎಣ್ಣೆ ಕುಡಿದು, ನಮ್ಮ ಅಂಗಡಿಗೆ ಬಂದಿತ್ತು. ಇವತ್ತು ಈ ನೆಲದ ಮೇಲೆ ಕೂತು ಬರೆಯುವುದನ್ನು ನಾನು ಎರಡು ತಿಂಗಳ ಹಿಂದೆಯೇ ಓದಿ, ಎಚ್ಚರಿಕೆ ಎಂದುಕೊಂಡು, ಅವಳ ಕನ್ನಡಕ ಬಚ್ಚಿಟ್ಟು, ನನ್ನದಲ್ಲದ ಕೆಲಸಕ್ಕೆ ಹೋಗಿ ಕೂತಿದ್ದೆ.

ನಾನು ಬರೆಯದೆ ಎದ್ದುಹೋದರೆ ಆ ಬಾಗಿಲಿನಲ್ಲಿ ಹೆದರಿಸುವಂಥದ್ದು ಏನೂ ಉಳಿಯುವುದಿಲ್ಲ. ಐದು ಸಾಲು ಚಂದದ ಅಕ್ಷರ ನೋಡಿ ಯಾರೂ ಕನ್ನಡಕ ಬಚ್ಚಿಡುವುದಿಲ್ಲ. ಅವತ್ತು ಬೆಳಿಗ್ಗೆ ತಂಗಿಯೇ ಬಂದು ಕೂರುತ್ತಾಳೆ, ಚೂರನ್ನು ಊದುತ್ತಾಳೆ, ಸಂಜೆ ನನ್ನ ಜೊತೆ ಮನೆಗೆ ಬರುತ್ತಾಳೆ. ನನ್ನ ಮೂರು ಬೆರಳು ನನ್ನ ಹತ್ತಿರವೇ ಇರುತ್ತವೆ. ಅಥವಾ, ಒಂದೇ ಒಂದು ಸಲ, ಊದಲು ಮರೆಯುತ್ತಾಳೆ.

ಯಾರನ್ನು ಕೇಳುವುದು? ತಂಗಿ ನನಗಾಗಿ ಬಾಗಿಲನ್ನು ಎರಡೂ ಕಡೆಯಿಂದ ಅಲ್ಲಾಡದಂತೆ ಹಿಡಿದುಕೊಂಡಿದ್ದಳು. ಅಂಚಿನ ಮೇಲಿದ್ದ ಅವಳ ಬೆರಳುಗಳನ್ನು ಎಣಿಸಿದೆ. ಹತ್ತೂ ಇದ್ದವು. ಮತ್ತೊಮ್ಮೆ ಎಣಿಸಿದೆ. ಆಮೇಲೆ ಬಗ್ಗಿ ಹ ಬರೆದೆ. ಊದಿಕೊಂಡು ತೂರಾಡುತ್ತ ಬಂತು, ಮೇಲೆ ಕೊಕ್ಕೆಯೂ ಬಂತು. ಮುಂದಿನ ಅಕ್ಷರಕ್ಕೆ ಸರಿಯುವಾಗ ಅಂಗೈ ಅದರ ಮೇಲೆಯೇ ಹಾದುಹೋಯಿತು.

"ಅಂಗೈ ಎತ್ತಿಕೊಂಡು ಬರಿ ಅಕ್ಕ, ಎಲ್ಲಾ ಮಸಿಯಾಗ್ತಿದೆ" ಎಂದಳು.

"ಆಗ್ಲಿ, ನೀನು ಗಟ್ಟಿಯಾಗಿ ಹಿಡ್ಕೋ" ಎಂದೆ.