ಗಾಶ್ಪಾರನ ಹೆಂಡತಿಯ ಬ್ರೆಡ್ಡು

ಪಾವಾ ಹೋಟೆಲಿನ ಚರಿತ್ರೆ ಬರೆದವನ ಕೈ ಸೇದಿಹೋಗಲಿ. ಹೊಳೆಯುವ ಕಾಗದದ ಆ ಪುಸ್ತಕದಲ್ಲಿ ಚಕ್ರವರ್ತಿ ಮಲಗಿದ ಮಂಚವಿದೆ, ಯಾವಳೋ ಗಾಯಕಿ ಮಿಂದ ತೊಟ್ಟಿಯಿದೆ. ಎರಡನೇ ಮಹಾಯುದ್ಧದಲ್ಲಿ ಬುಡಾಪೆಸ್ಟಿಗೆ ಮುತ್ತಿಗೆ ಬಿದ್ದ ಚಳಿಗಾಲಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಹಾಲ್ಮೋಶ್ ಗಾಶ್ಪಾರರ ಪತ್ನಿ ನೆಲಮಾಳಿಗೆಯಲ್ಲಿ ಬ್ರೆಡ್ಡು ಬೇಯಿಸಿ ಇಡೀ ಬೀದಿಯ ಜೀವ ಉಳಿಸಿದರು.’ ರಿಪೇರಿಯಾದ ಹೋಟೆಲು ಮತ್ತೆ ತೆರೆಯುವ ದಿನ ಗೋಡೆಗೆ ಹಾಕುವ ಹಿತ್ತಾಳೆ ಫಲಕದ ಮೇಲೂ ಅದೇ ಸಾಲು.

ಆ ಪತ್ನಿ ನನ್ನಮ್ಮ. ಗಾಶ್ಪಾರ್ ನನ್ನಪ್ಪ ಅನ್ನಬೇಕಂತೆ. ಇಬ್ಬರೂ ಇದೇ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಬಾಂಬು ಬೀಳಲು ಶುರುವಾದದ್ದೇ ತಡ, ಅವನು ಗಿರಾಕಿಯೊಬ್ಬನ ತುಪ್ಪಳದ ಕೋಟು ಕದ್ದು ಹಾಕಿಕೊಂಡು ಹಿಂಬಾಗಿಲಿಂದ ಓಟ ಕಿತ್ತ. ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದೆ. ಅವಳು ಕುಸಿದ ಉಗ್ರಾಣದಿಂದ ಹಿಟ್ಟು ಕೆದಕಿ ತಂದಳು, ಊಟದ ಕೋಣೆಯ ಬಂಗಾರದ ಬಣ್ಣದ ಕುರ್ಚಿಗಳನ್ನು ಮುರಿದು ಒಲೆಗೆ ಹಾಕಿದಳು. ದೊಡ್ಡ ದೊಡ್ಡ ಮನೆತನದ ಹೆಂಗಸರು ಅವಳೆದುರು ಕೈಯೊಡ್ಡಿ ಸಾಲು ನಿಂತರು.

ನಮ್ಮ ಹಂಗೇರಿಯಲ್ಲಿ ಮದುವೆಯಾದ ದಿನವೇ ಹೆಣ್ಣಿನ ಹೆಸರು ಸಾಯುತ್ತದೆ. ಗಂಡನ ಪೂರ್ತಿ ಹೆಸರಿಗೆ ‘ಪತ್ನಿ’ ಅಂತ ಒಂದು ಬಾಲ ಅಂಟಿಸಿದರೆ ಅದೇ ಹೆಂಡತಿಯ ಹೆಸರು. ಓಡಿಹೋದವನ ಹೆಸರನ್ನು ಅಮ್ಮ ಆಸ್ಪತ್ರೆಯಲ್ಲೂ ಹೊತ್ತಳು, ಟ್ರಾಮಿನ ಪಾಸಿನಲ್ಲೂ ಹೊತ್ತಳು.

ನಾನು ಮ್ಯಾನೇಜರ್ ದೇನೆಶನ ಹತ್ತಿರ ಹೋದೆ. ಅಮ್ಮನ ಸ್ವಂತ ಹೆಸರು ಹಾಕಿ ಅಂದೆ.

“ನೋಡಿ ಮೇಡಂ, ಎಲ್ರೂ ಅವ್ರನ್ನ ಹಾಗೇ ತಾನೆ ಕರೀತಿದ್ದಿದ್ದು? ಗೌರವದ ಹೆಸ್ರಲ್ವಾ?”

“ಗೌರವ ಯಾರಿಗ್ರೀ? ಆ ಕೋಟು ಕಳ್ಳಂಗಾ? ಹಾಗಾದ್ರೆ ಕೋಟನ್ನೂ ಹುಡುಕಿ ತಂದು ಗೋಡೆಗೆ ತೂಗುಹಾಕಿ!”

“ಫಲಕ ಆಗ್ಲೇ ರೆಡಿಯಾಗಿದೆ, ಮೇಡಂ,” ಅಂದು ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಹೇಳಿದರೆ ಅಮ್ಮ, “ಬಿಡೇ, ಅದ್ಯಾಕೆ ಅಷ್ಟು ಕೂಗಾಡ್ತೀಯ,” ಅಂದಳು. ಅವಳ ಮೇಲೂ ಸಿಟ್ಟು ಬಂತು.

ಸಮಾರಂಭದ ದಿನ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ದೇನೆಶ್ ಮೈಕಿನಲ್ಲಿ, “ಹಾಲ್ಮೋಶ್ ಗಾಶ್ಪಾರರ ಪತ್ನಿ ವೇದಿಕೆಗೆ ಬರಬೇಕು!” ಅಂದ. ಜೋರು ಚಪ್ಪಾಳೆ. ಅಮ್ಮ ಕದಲಲಿಲ್ಲ. ಮತ್ತೆ ಕರೆದ. ಚಪ್ಪಾಳೆ ಸೊರಗಿ ನಿಂತಿತು. ಕೊನೆಗೆ ಮೈಕು ಹಿಡಿದೇ ಕೆಳಗಿಳಿದು ಬಂದು ಬಗ್ಗಿದ.

“ಅಜ್ಜೀ, ನಿಮ್ಮನ್ನೇ ಕರೀತಿರೋದು.”

“ನೀನು ಕರೀತಿರೋದು ಗಾಶ್ಪಾರನ್ನ ಕಣಪ್ಪಾ. ಹಿಂಬಾಗ್ಲಲ್ಲಿ ನಿಂತು ಕೂಗು. ಅವ್ನು ಹೋಗಿದ್ದು ಆ ಕಡೆ.”

ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು. ದೇನೆಶ್ ಕೆಂಪಗಾಗಿ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ, ಒದ್ದಾಡಲಿ ಅಂತ.

“ಹಾಗಾದ್ರೆ… ನಿಮ್ಮ ಹೆಸ್ರು?”

“ವಿದಾ ಪಿರೋಶ್ಕಾ.”

ಬೇರೆ ದಾರಿಯಿಲ್ಲದೆ ಅದನ್ನೇ ಕೂಗಿ ಕರೆದ. ಅಮ್ಮ ಎದ್ದಳು. ವೇದಿಕೆಯ ಕಡೆ ತಿರುಗಿಯೂ ನೋಡದೆ, ಪರದೆ ಮುಚ್ಚಿದ ಫಲಕ ದಾಟಿ, ಮುಂಬಾಗಿಲಿಗೆ ನಡೆದಳು.

“ಬೇರೆ ಫಲಕ ಮಾಡ್ಸಿ ಆಮೇಲೆ ಕರಿ, ಬರ್ತೀನಿ.”

ಬಾಗಿಲ ಬಳಿ, ಬಂದವರು ಬಿಚ್ಚಿಟ್ಟ ಕೋಟು ಕಾಯುವವಳು ಎದ್ದು ನಿಂತು, “ಯಾರ ಕೋಟು ಕೊಡ್ಲಮ್ಮಾ?” ಅಂದಳು.

“ವಿದಾ ಪಿರೋಶ್ಕಾದು,” ಅಂದಳು ಅಮ್ಮ. “ನಂದೇ. ಕದ್ದಿದ್ದಲ್ಲ.”